ಮುಖ ಕಲ್ಲಾದರೆ ಮನಸ್ಸೂ ಕಲ್ಲೇ?

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವು. ಎಲ್ಲರೂ ಕೇಳಿರುವುದು ಎರಡು ಕಾಯಿಲೆಗಳ ಬಗ್ಗೆ. ಒಂದು ಸ್ಕಿಜೋಫ್ರೀನಿಯಾ, ಅಂದರೆ ಚಿತ್ತವಿಕಲತೆ, ಭ್ರಮೆ ಮೂಡುವ, ಇಲ್ಲದ ದನಿ ಕೇಳುವ ಕಾಯಿಲೆ. ಇನ್ನೊಂದು ಬೈಪೋಲಾರ್, ಅಂದರೆ ಕೆಲವು ಕಾಲ ಉನ್ಮಾದ, ಕೆಲವು ಕಾಲ ಖಿನ್ನತೆ, ನಡುವೆ ಸರಿಯಾಗಿರುವ ತಿಂಗಳುಗಳು. ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇವೆ, ಗುರುತು ಸಿಗುವ ವಿವರ ತೆಗೆದಿದ್ದೇವೆ.

ಪ್ರಶ್ನೆ: ತಮ್ಮನಿಗೆ 26 ವರ್ಷ. ಮೂರು ವರ್ಷದಿಂದ ಸ್ಕಿಜೋಫ್ರೀನಿಯಾಕ್ಕೆ ಮಾತ್ರೆ ನಡೀತಿದೆ. ಅವನನ್ನು ಸಾಕಿದ ಅಜ್ಜಿ ತೀರಿಕೊಂಡಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ, ಜಗಲಿ ಕಂಬಕ್ಕೆ ಒರಗಿ ನಿಂತೇ ಇದ್ದ. ‘ಕರುಳೇ ಇಲ್ಲ ಇವಂಗೆ’ ಅಂದರು ನೆಂಟರು. ಅದೇ ಹುಡುಗ ಮರುದಿನ ‘ಅತ್ತಿಗೆ ನನ್ನ ದುರುಗುಟ್ಟಿ ನೋಡ್ತಾಳೆ’ ಅಂತ ಊಟ ಬಿಟ್ಟ. ಅವಳು ಸುಮ್ಮನೆ ಪಾತ್ರೆ ತೊಳೀತಿದ್ದಳು. ಅವನಿಗೆ ಭಾವನೆ ಇದೆಯಾ, ಇಲ್ವಾ? (ತೀರ್ಥಹಳ್ಳಿ)

ಉತ್ತರ: ಇದೆ. ನೆಂಟರು ಮುಖ ನೋಡಿ ಮನಸ್ಸಿನ ಲೆಕ್ಕ ಹಾಕಿದ್ದಾರೆ, ಈ ಕಾಯಿಲೆಯಲ್ಲಿ ಆ ಲೆಕ್ಕ ತಪ್ಪುತ್ತದೆ.

ಒಂದು ಭಾವನೆ ಹುಟ್ಟಿ ಹೊರಗೆ ಕಾಣುವ ತನಕ ಮಿದುಳಿನಲ್ಲಿ ಹಲವು ಕೆಲಸಗಳಾಗುತ್ತವೆ: ಎದುರಿನ ಮುಖ, ದನಿಯನ್ನು ಗುರುತಿಸಬೇಕು, ಅದು ತನಗೆ ಎಷ್ಟು ಮುಖ್ಯ ಎಂದು ತೂಗಬೇಕು, ಒಳಗೆ ಅನುಭವಿಸಬೇಕು, ಮುಖದ ಸ್ನಾಯುಗಳಿಗೆ ದಾಟಿಸಬೇಕು, ಜಾಸ್ತಿಯಾದರೆ ಹಿಡಿತಕ್ಕೆ ತರಬೇಕು. ಸ್ಕಿಜೋಫ್ರೀನಿಯಾದಲ್ಲಿ ಇವೆಲ್ಲ ಒಟ್ಟಿಗೆ ಕೆಡುವುದಿಲ್ಲ. ಇಂಥ ರೋಗಿಗಳಿಗೆ ದುಃಖದ, ನಗುವಿನ, ಹೆದರಿಕೆಯ ಸಿನಿಮಾ ತುಣುಕು ತೋರಿಸಿ ‘ಏನನ್ನಿಸಿತು?’ ಎಂದು ಕೇಳಿದ ಪ್ರಯೋಗಗಳು ಬಹಳ ಆಗಿವೆ. ಅವರು ಹೇಳುವ ದುಃಖ, ಸಂತೋಷದ ಪ್ರಮಾಣ ಉಳಿದವರಷ್ಟೇ ಇರುತ್ತದೆ. ಅಂಗೈ ಬೆವರಿನ ಅಳತೆಯೂ ಕಡಿಮೆ ಬರುವುದಿಲ್ಲ. ಕಡಿಮೆ ಇರುವುದು ಮುಖದ ಚಲನೆ ಮಾತ್ರ. ಕಂಬಕ್ಕೆ ಒರಗಿ ನಿಂತ ನಿಮ್ಮ ತಮ್ಮನೊಳಗೆ ಅಜ್ಜಿಯ ದುಃಖ ಇದ್ದಿರಬಹುದು, ಹೊರಗೆ ಬರುವ ದಾರಿ ಇರಲಿಲ್ಲ.

ಅತ್ತಿಗೆಯ ವಿಷಯ ಬೇರೆ. ಕಣತಲೆಯ ಒಳಬದಿಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಗಾತ್ರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯವನ್ನು ಮೊದಲು ಮೂಸಿ ನೋಡುವುದು ಅದು. ಆರೋಗ್ಯವಂತರಿಗೆ ಹೆದರಿದ ಮುಖದ ಚಿತ್ರ ತೋರಿಸಿದರೆ ಅಮಿಗ್ಡಲಾ ಚುರುಕಾಗುತ್ತದೆ, ಯಾವ ಭಾವವೂ ಇಲ್ಲದ ಮುಖಕ್ಕೆ ತಣ್ಣಗಿರುತ್ತದೆ. ಸ್ಕಿಜೋಫ್ರೀನಿಯಾದಲ್ಲಿ ಇವೆರಡರ ನಡುವಿನ ಅಂತರ ಕುಗ್ಗಿರುತ್ತದೆ. ಅದಕ್ಕೆ ಒಂದು ಮುಖ್ಯ ಕಾರಣ, ಸುಮ್ಮನಿರುವ ಮುಖಕ್ಕೇ ಅದು ಮೊದಲೇ ಎದ್ದು ಕೂತಿರುತ್ತದೆ. ಪಾತ್ರೆ ತೊಳೆಯುವ ಮುಖ ದುರುಗುಟ್ಟುವ ಮುಖವಾಗುವುದು ಹೀಗೆ.

ಇದಕ್ಕೆ ಡೋಪಮಿನ್ ಸೇರಿಕೊಳ್ಳುತ್ತದೆ. ‘ಇದು ಮುಖ್ಯ, ಗಮನಿಸು’ ಎಂದು ಮೊಹರು ಒತ್ತುವುದು ಈ ರಾಸಾಯನಿಕದ ಕೆಲಸಗಳಲ್ಲೊಂದು. ಮಿದುಳಿನ ಆಳದ ಸ್ಟ್ರಯಾಟಮ್ ಎಂಬಲ್ಲಿ ಅದರ ತಯಾರಿಕೆ ಹೆಚ್ಚಾದಾಗ ಮೊಹರು ಎಲ್ಲೆಂದರಲ್ಲಿ ಬೀಳುತ್ತದೆ: ಪಕ್ಕದ ಮನೆಯವರ ಕೆಮ್ಮಿಗೆ, ತಿರುವಿನಲ್ಲಿ ಹೊಡೆದ ಬಸ್ಸಿನ ಹಾರ್ನಿಗೆ. ಮುಖ್ಯ ಅನ್ನಿಸಿದ ಮೇಲೆ ಮನಸ್ಸು ಅದಕ್ಕೊಂದು ಕಾರಣ ಹುಡುಕಿಯೇ ಹುಡುಕುತ್ತದೆ, ‘ನನಗೆ ಸನ್ನೆ ಮಾಡ್ತಿದ್ದಾರೆ’ ಎಂದು. ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಮಾತ್ರೆ ಡೋಪಮಿನ್ನನ್ನು ತಡೆದಾಗ ಮೊಹರು ಮೊದಲು ಮಸುಕಾಗುತ್ತದೆ, ಕಟ್ಟಿಕೊಂಡ ಕಥೆ ಸಡಿಲವಾಗುವುದು ವಾರಗಟ್ಟಲೆ ತಡವಾಗಿ. ‘ದನಿ ಕೇಳತ್ತೆ, ಆದರೆ ಈಗ ಅಷ್ಟು ಕಾಡಲ್ಲ’ ಎಂದು ರೋಗಿಗಳು ಹೇಳುವುದು ಈ ನಡುವಿನ ಹಂತದಲ್ಲಿ. ಆ ಮಾತು ಕೇಳಿದರೆ ಮದ್ದು ಹಿಡಿಯುತ್ತಿದೆ ಎಂದುಕೊಳ್ಳಿ. ಕೆಲಸ ಮಾಡುತ್ತಿಲ್ಲ ಎಂದು ನಿಲ್ಲಿಸಬೇಡಿ.

ಇನ್ನೊಂದು ಸೂಕ್ಷ್ಮವಿದೆ. ದನಿಯ ಏರಿಳಿತವನ್ನು ಬಿಡಿಸಿಕೊಳ್ಳುವ ಶಕ್ತಿಯೂ ಈ ಕಾಯಿಲೆಯಲ್ಲಿ ಕುಂದುತ್ತದೆ. ಮಾತಿನ ಅರ್ಥ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ನಮ್ಮ ಕಡೆ ಪ್ರೀತಿಯೂ ಕುಹಕದಲ್ಲೇ ಬರುತ್ತದಲ್ಲ! ‘ಎಂತ, ದೊಡ್ಡ ಮನುಷ್ಯರಿಗೆ ಈಗ ಬೆಳಗಾಯ್ತಾ?’ ಎಂಬ ಮಾತು ಅವನಿಗೆ ಬೈಗುಳವಾಗಿಯೇ ತಲುಪುತ್ತದೆ. ಯಕ್ಷಗಾನದ ಬಣ್ಣದ ವೇಷದ ಸಿಟ್ಟು ಅವನಿಗೂ ತಿಳಿದೀತು. ಕಷ್ಟವಾಗುವುದು ಅಡಿಗೆಮನೆಯ ಸಣ್ಣ ಸಣ್ಣ ಮುಖಭಾವಗಳು.

ಆದ್ದರಿಂದ ಭಾವನೆಯನ್ನು ಮಾತಿನಲ್ಲೇ ಹೇಳಿ. ‘ನನಗೆ ಸುಸ್ತಾಗಿದೆ, ನಿನ್ನ ಮೇಲೆ ಸಿಟ್ಟಿಲ್ಲ’ ಎಂಬ ಒಂದು ವಾಕ್ಯ ಸಾಕು. ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವ ಹಾಗೆ ನಿಂತು ಮಾತಾಡಿ. ಕತ್ತಲೆ ನಡುಮನೆಯಲ್ಲಿ ಬೆನ್ನ ಹಿಂದಿನಿಂದ ಕೂಗುವುದು ಬೇಡ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ದುರುಗುಟ್ಟಿದಳು ಎಂದಾಗ ‘ಇಲ್ಲವೇ ಇಲ್ಲ, ನಿಂಗೆ ಭ್ರಮೆ’ ಎಂದು ವಾದಕ್ಕಿಳಿದರೆ ಗೆಲ್ಲುವುದಿಲ್ಲ. ‘ನಿಂಗೆ ಹಾಗೆ ಕಂಡು ಹೆದರಿಕೆ ಆಯ್ತು ಅಲ್ವಾ. ಅವಳು ಪಾತ್ರೆ ನೋಡ್ತಿದ್ದಳು’ ಎನ್ನಿ, ಮತ್ತೆ ಊಟದ ಮಾತಿಗೆ ಬನ್ನಿ.

ಕೊನೆಗೆ, ಮುಖ ಕಲ್ಲಾಗಿರುವುದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ನೋಡಬೇಕು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಮದ್ದು ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥ ಬಿಗಿತ ತರುತ್ತವೆ. ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ನಡೆಸಿ. ಕೈ ಬೀಸುತ್ತದೆಯೇ, ಮೈಗೆ ಅಂಟಿಕೊಂಡಿದೆಯೇ? ತಲೆದಿಂಬು ಜೊಲ್ಲಿನಿಂದ ಒದ್ದೆಯೇ? ಹಳೆಯ ನೋಟ್‌ಬುಕ್ ತೆಗೆದು ಹೋಲಿಸಿ, ಅಕ್ಷರ ಸಾಲು ಸಾಗಿದಂತೆ ಸಣ್ಣದಾಗಿದೆಯೇ? ಇವುಗಳಲ್ಲಿ ಎರಡು ಕಂಡರೂ ವೈದ್ಯರಿಗೆ ಹೇಳಿ. ಡೋಸ್ ಇಳಿಸುವುದು, ಮಾತ್ರೆ ಬದಲಿಸುವುದು, ಬಿಗಿತ ಸಡಿಲಿಸುವ ಟ್ರೈಹೆಕ್ಸಿಫೆನಿಡಿಲ್ ಸೇರಿಸುವುದು ಅವರ ಕೈಯಲ್ಲಿದೆ. ದಿನಕ್ಕೆಷ್ಟು ಕವಳ (ಎಲೆ ಅಡಿಕೆ) ಹಾಕುತ್ತಾನೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶ ಮಿದುಳಿನ ಇನ್ನೊಂದು ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ನ ಕೆಲಸ ಮಾಡುತ್ತದೆ, ಟ್ರೈಹೆಕ್ಸಿಫೆನಿಡಿಲ್ ಅದನ್ನೇ ತಡೆಯಲು ಕೊಡುವ ಮಾತ್ರೆ. ಒಂದು ಎಳೆದ ಕಡೆಗೆ ಇನ್ನೊಂದು ಬರುವುದಿಲ್ಲ. ಅಡಿಕೆ ವಿಪರೀತ ಅಗಿಯುವವರಲ್ಲಿ ಈ ಬಿಗಿತ ಜಾಸ್ತಿಯಾದದ್ದು ವರದಿಯಾಗಿದೆ.

ಪ್ರಶ್ನೆ: ಅಣ್ಣಯ್ಯನಿಗೆ ಬೈಪೋಲಾರ್. ಲಿಥಿಯಂ ತಗೊಂಡು ಎರಡು ವರ್ಷದಿಂದ ಸರಿಯಾಗಿದ್ದಾನೆ. ಡಾಕ್ಟರು ‘ನಿದ್ದೆ ಕೆಡಬಾರದು’ ಅಂತಾರೆ. ಅಡಿಕೆ ಗೊನೆ ಕೊಯ್ಲಿನಲ್ಲಿ ರಾತ್ರಿ ಸುಲಿಯೋದು ಇದ್ದದ್ದೇ, ಮೇಲೆ ಯಕ್ಷಗಾನ ಆಟದ ಹುಚ್ಚು ಬೇರೆ. ಒಂದು ರಾತ್ರಿಗೆ ಅಷ್ಟೆಲ್ಲ ಏನಾಗುತ್ತೆ? (ಸಾಗರ ತಾಲ್ಲೂಕು)

ಉತ್ತರ: ಒಂದು ರಾತ್ರಿ ನಿದ್ದೆಗೆಟ್ಟರೆ ಆರೋಗ್ಯವಂತರಿಗೇ ಏನಾಗುತ್ತದೆ, ಕೇಳಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಾತ್ರಿಯಿಡೀ ಎಚ್ಚರವಿದ್ದವರಿಗೆ ಮರುದಿನ ಅಹಿತಕರ ಚಿತ್ರ ತೋರಿಸಿದಾಗ ಅಮಿಗ್ಡಲಾದ ಪ್ರತಿಕ್ರಿಯೆ ನಿದ್ದೆ ಮಾಡಿದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚಿತ್ತು. ಅದನ್ನು ಹಿಡಿತದಲ್ಲಿಡುವ ಹಣೆಯ ಹಿಂದಿನ ಭಾಗದ ಜೊತೆ ಅದರ ಸಂಪರ್ಕವೂ ತೆಳುವಾಗಿತ್ತು. ಬೈಪೋಲಾರ್ ಇರುವವರಲ್ಲಿ ಆ ಹಿಡಿತ, ಅದರಲ್ಲೂ ಹಣೆಯ ಕೆಳಬದಿಯ ಪ್ರೀಫ್ರಂಟಲ್ ಭಾಗದ್ದು, ಮೊದಲೇ ದುರ್ಬಲ. ಜೊತೆಗೆ ಲಾಭ, ಬಹುಮಾನದ ಆಸೆ ಹುಟ್ಟಿಸುವ ಜಾಗ ಬೇಗ ಕಾವೇರುತ್ತದೆ. ಅಡಿಕೆಗೆ ದರ ಬಂದ ವಾರವೇ ಮೂರು ಎಕರೆ ತೋಟಕ್ಕೆ ಮುಂಗಡ ಕೊಟ್ಟು ಬರುವುದು, ಎದುರಿನವರ ಬೇಸರದ ಮುಖ ಕಣ್ಣಿಗೇ ಬೀಳದಿರುವುದು, ಇವೆಲ್ಲ ಉನ್ಮಾದ ಏರುವಾಗಿನ ಲಕ್ಷಣ. ಖಿನ್ನತೆಯಲ್ಲಿ ಇದು ತಿರುಗಾಮುರುಗ, ಸುಮ್ಮನಿರುವ ಮುಖವೂ ದುಃಖದ್ದಾಗಿ ಕಾಣುತ್ತದೆ. ಒಂದು ಜಾಗರಣೆಯಿಂದ ಎಲ್ಲರಿಗೂ ಉನ್ಮಾದ ಬಂದೇಬಿಡುತ್ತದೆ ಎಂದಲ್ಲ. ಆದರೆ ಬಂದವರನ್ನು ಕೇಳಿದರೆ ಹಿಂದಿನ ಕೆಲವು ರಾತ್ರಿಗಳ ನಿದ್ದೆ ಕೆಟ್ಟಿದ್ದು ಬಹಳ ಸಲ ಸಿಗುತ್ತದೆ.

ಆಟ ಬಿಡಬೇಕಿಲ್ಲ. ಈಗ ಕಾಲಮಿತಿ ಪ್ರದರ್ಶನಗಳು ಬೇಕಾದಷ್ಟಿವೆ, ಅವು ಮಧ್ಯರಾತ್ರಿಯೊಳಗೆ ಮುಗಿಯುತ್ತವೆ. ಬೆಳಗಿನ ತನಕದ ಬಯಲಾಟವಾದರೆ ಮೊದಲ ಭಾಗ ನೋಡಿ ಎದ್ದು ಬರಬೇಕು, ಅವನನ್ನು ಕರೆದುಕೊಂಡು ಬರುವ ಜೊತೆಗಾರ ಮೊದಲೇ ನಿಕ್ಕಿಯಾಗಿರಬೇಕು. ಕೊಯ್ಲಿನಲ್ಲಿ ಸುಲಿಯುವ ಸರದಿ ಬೇರೆಯವರಿಗೆ ಬಿಟ್ಟು ಅವನಿಗೆ ಹಗಲಿನ ಕೆಲಸ ಕೊಡಿ: ಬೇಯಿಸುವುದು, ಹರವುವುದು, ಒಣಗಿದ್ದು ಆರಿಸುವುದು. ಸಂಜೆ ಐದರ ಮೇಲೆ ಚಹಾ, ಕಾಫಿ ಬೇಡ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿಯುವುದು ಸುಲಭ.

ಎಚ್ಚರಿಕೆಯ ಗುರುತು ಒಂದು ನೆನಪಿಡಿ. ನಿದ್ದೆ ಬಾರದೆ ಮರುದಿನ ಸುಸ್ತಾದರೆ ಅದು ಸಾಮಾನ್ಯ ನಿದ್ರಾಹೀನತೆ. ಮೂರು ತಾಸು ಮಲಗಿಯೂ ಸುಸ್ತಿಲ್ಲದೆ, ನಾಲ್ಕು ಗಂಟೆಗೆ ಎದ್ದು ಕೊಟ್ಟಿಗೆ ತೊಳೆದು, ಹತ್ತು ಜನಕ್ಕೆ ಫೋನ್ ಮಾಡಿದ್ದರೆ ಅದು ಬೇರೆ. ಎರಡು ರಾತ್ರಿ ಸತತವಾಗಿ ಹೀಗಾದರೆ ಮೂರನೆಯದಕ್ಕೆ ಕಾಯದೆ ವೈದ್ಯರಿಗೆ ತಿಳಿಸಿ. ಉನ್ಮಾದ ಎಂಬ ರೋಗನಿರ್ಣಯಕ್ಕೆ ವೈದ್ಯರ ಪುಸ್ತಕದ ಪ್ರಕಾರ 7 ದಿನ ಬೇಕು. ಮನೆಯವರು ಅಷ್ಟು ದಿನ ಎಣಿಸುತ್ತ ಕೂರಬೇಕಿಲ್ಲ.

ಲಿಥಿಯಂ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಬಳಸಿ ತೋರಿಸಿದ ಮದ್ದು. ಎಪ್ಪತ್ತೈದು ವರ್ಷವಾದರೂ ಇದನ್ನು ಮೀರಿಸಿದ್ದು ಬಂದಿಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಹಿತವಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಕಡಿಮೆ. ದೀರ್ಘಕಾಲ ತೆಗೆದುಕೊಳ್ಳುವವರ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷ. ಕೊನೆಯ ಡೋಸ್ ಆಗಿ 12 ತಾಸಿಗೆ ರಕ್ತ ಕೊಡಬೇಕು: ರಾತ್ರಿ 9ಕ್ಕೆ ನುಂಗಿದ್ದರೆ ಬೆಳಗ್ಗೆ 9ಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟಾದ ಮೇಲೆ. ನುಂಗಿ ಹೋಗಿ ಕೊಟ್ಟರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ, ವೈದ್ಯರು ಅದನ್ನು ನಂಬಿ ಡೋಸ್ ಇಳಿಸಿದರೆ ಕಾಯಿಲೆ ಮರುಕಳಿಸುತ್ತದೆ. ಡೋಸ್ ಬದಲಾದಾಗ ಒಂದು ವಾರಕ್ಕೆ, ಸ್ಥಿರವಾದ ಮೇಲೆ 3ರಿಂದ 6 ತಿಂಗಳಿಗೊಮ್ಮೆ ಪರೀಕ್ಷೆ. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಥೈರಾಯ್ಡಿಗೆ ಟಿಎಸ್‌ಎಚ್, ಜೊತೆಗೆ ಕ್ಯಾಲ್ಸಿಯಂ ಪರೀಕ್ಷೆ 6 ತಿಂಗಳಿಗೊಮ್ಮೆ.

ನಮ್ಮ ಕಡೆ ಎಡವಟ್ಟಾಗುವುದು ಜ್ವರದ ಕಾಲದಲ್ಲಿ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಹೊತ್ತು. ಜ್ವರ, ವಾಂತಿ, ವಿಪರೀತ ಮೈಕೈ ನೋವು. ನೋವಿಗೆ ಡೈಕ್ಲೊಫಿನಾಕ್ ಇಂಜೆಕ್ಷನ್ನೋ ಐಬುಪ್ರೊಫೆನ್ ಮಾತ್ರೆಯೋ ಬಿತ್ತೆಂದರೆ, ಅವು ಕೂಡ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಎರಡೂ ಸೇರಿ ಎರಡು ಮೂರು ದಿನದಲ್ಲಿ ಪ್ರಮಾಣ ಏರಬಹುದು. ಪ್ಯಾರಸಿಟಮಾಲ್ ಆದೀತು. ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಮಾತ್ರೆಗಳಿಂದಲೂ ಇದೇ ತೊಂದರೆ. ‘ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಬರೆದ ಚೀಟಿ ಪರ್ಸಿನಲ್ಲಿರಲಿ. ವಾಂತಿ ಭೇದಿ ಶುರುವಾದರೆ ಮುಂದಿನ ಡೋಸ್ ನುಂಗುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಕೈ ದೊಡ್ಡದಾಗಿ ನಡುಗುವುದು, ತೂರಾಡುವುದು, ನಾಲಗೆ ತೊದಲುವುದು ಕಂಡರೆ ಫೋನಿನ ಮಾತಲ್ಲ, ಆಸ್ಪತ್ರೆ. ಬಿಪಿಗೆಂದು ಉಪ್ಪನ್ನು ಒಮ್ಮೆಲೇ ಬಿಡುವುದೂ ಬೇಡ. ಸರಿಯಾಗಿದ್ದಾನೆಂದು ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಜೋರಾಗಿಯೇ ಬರುತ್ತದೆ. ನಿಲ್ಲಿಸಬೇಕಾದರೂ ವಾರಗಟ್ಟಲೆ ಇಳಿಸುತ್ತ ಬರಬೇಕು.

ಪ್ರಶ್ನೆ: ಎರಡೂ ಕಾಯಿಲೆಗೆ ಒಲಾಂಜಪಿನ್ ಮಾತ್ರೆ ಕೊಡ್ತಾರೆ. ಹಾಗಾದರೆ ಇವು ಒಂದೇನಾ? ಎಂಆರ್‌ಐ ಮಾಡಿಸಿದರೆ ಯಾವುದೆಂದು ತಿಳಿಯುವುದಿಲ್ಲವೇ? (ಶಿವಮೊಗ್ಗ)

ಉತ್ತರ: ತಿಳಿಯುವುದಿಲ್ಲ. ಮೇಲೆ ಹೇಳಿದ ಅಮಿಗ್ಡಲಾದ ಮಾತೆಲ್ಲ ಹತ್ತಾರು ಜನರ ಸರಾಸರಿ. ಒಬ್ಬರ ಚಿತ್ರ ಹಿಡಿದು ಇದು ಇಂಥದ್ದೇ ಎನ್ನಲಾಗದು. ಗಡ್ಡೆ, ಸೋಂಕು, ಪೆಟ್ಟು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಸ್ಕ್ಯಾನ್ ಬೇಕಾಗಬಹುದು, ಅಷ್ಟೆ. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಇವೆರಡನ್ನು ಬೇರೆ ಮಾಡಿದ್ದು ವರ್ಷಗಟ್ಟಲೆ ರೋಗಿಗಳ ಹಾದಿ ನೋಡಿ. ಇವತ್ತೂ ನಾವು ಮಾಡುವುದು ಅದೇ. ಭ್ರಮೆ, ದನಿಗಳು ಮನಸ್ಸಿನ ಏರಿಳಿತದ ಜೊತೆಗೇ ಬಂದು ಜೊತೆಗೇ ಹೋದರೆ ಬೈಪೋಲಾರ್ ಕಡೆಗೆ ವಾಲುತ್ತೇವೆ. ಏರಿಳಿತ ಇಲ್ಲದಾಗಲೂ ಉಳಿದರೆ ಸ್ಕಿಜೋಫ್ರೀನಿಯಾ ಕಡೆಗೆ. ಎರಡರ ಜೀನ್‌ಗಳಲ್ಲಿ ಬಹಳಷ್ಟು ಸಾಮ್ಯವಿದೆ, ಆದ್ದರಿಂದ ಒಂದೇ ಮಾತ್ರೆ ಎರಡಕ್ಕೂ ಬರುವುದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಹಾಕಿ ತಂದರೆ ನಮಗೆ ಎಂಆರ್‌ಐಗಿಂತ ಉಪಯೋಗ. ಹಿಂದೆ ಖಿನ್ನತೆಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟಾಗ ಅತಿ ಉತ್ಸಾಹ ಬಂದಿತ್ತೇ ಎಂಬುದು ಅದರಲ್ಲಿ ಸಿಗುತ್ತದೆ.

ಪ್ರಶ್ನೆ: ಮಗ ಕ್ಲೋಜಪಿನ್ ಮಾತ್ರೆಯ ಮೇಲೆ ಚೆನ್ನಾಗಿದ್ದ. ಹೋದ ತಿಂಗಳು ದಿನಕ್ಕೆ ಎರಡು ಕಟ್ಟು ಬೀಡಿ ಸೇದುವುದನ್ನು ಪೂರ್ತಿ ಬಿಟ್ಟ. ಖುಷಿಪಟ್ಟೆವು. ಈಗ ಹಗಲೆಲ್ಲ ತೂಕಡಿಕೆ, ಜೊಲ್ಲು, ಮಾತಾಡಿಸಿದರೂ ಮಂಕು. ಕಾಯಿಲೆ ಹೆಚ್ಚಾಯಿತೇ? (ಭದ್ರಾವತಿ)

ಉತ್ತರ: ಕಾಯಿಲೆಯಲ್ಲ, ಮದ್ದು ಹೆಚ್ಚಾಗಿದೆ ಎಂಬ ಅನುಮಾನ ಬಲವಾಗಿದೆ. ತಂಬಾಕಿನ ಹೊಗೆ ಯಕೃತ್ತಿನಲ್ಲಿ ಕ್ಲೋಜಪಿನ್ ಅರಗಿಸುವ ಕಿಣ್ವವನ್ನು ಚುರುಕು ಮಾಡುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತಣ್ಣಗಾಗಿ, ಅದೇ ಡೋಸಿಗೆ ರಕ್ತದಲ್ಲಿ ಮದ್ದು ಹೆಚ್ಚು ಉಳಿಯುತ್ತದೆ. ಮಂಕು, ಜೊಲ್ಲು ಅದರದ್ದೇ. ಪ್ರಮಾಣ ಇನ್ನೂ ಏರಿದರೆ ಫಿಟ್ಸ್ ಬರಬಹುದು. ಈ ವಾರವೇ ವೈದ್ಯರನ್ನು ಕಂಡು ಡೋಸ್ ಇಳಿಸಿಕೊಳ್ಳಿ. ಮತ್ತೆ ಬೀಡಿ ಹಿಡಿಸಬೇಡಿ! ಕಿಣ್ವವನ್ನು ಕೆಣಕುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ, ಆದ್ದರಿಂದ ನಿಕೋಟಿನ್ ಚೂಯಿಂಗ್ ಗಮ್ಮಿಗೆ ಅಡ್ಡಿಯಿಲ್ಲ. ಕ್ಲೋಜಪಿನ್ ಮೇಲಿರುವವರಿಗೆ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬಿಳಿ ರಕ್ತಕಣದ ಎಣಿಕೆ ಕಡ್ಡಾಯ. ನಡುವೆ ಗಂಟಲು ನೋವು, ಜ್ವರ ಬಂದರೆ ಅದೇ ದಿನ ಎಣಿಕೆ ಮಾಡಿಸಿ. ಮಲಬದ್ಧತೆಯನ್ನು ಹಗುರವಾಗಿ ನೋಡಬೇಡಿ, ಈ ಮದ್ದಿನಲ್ಲಿ ಅದು ಪ್ರಾಣಕ್ಕೆ ಬರುವಷ್ಟು ಕೆಡಬಹುದು. ಎರಡು ದಿನ ಹೊಟ್ಟೆ ಹೋಗದಿದ್ದರೆ ತಿಳಿಸಿ.

ಪ್ರಶ್ನೆ: ಯಜಮಾನರಿಗೆ ಸ್ಕಿಜೋಫ್ರೀನಿಯಾ. ಮಾವನವರು ‘ಸೋಮಾರಿ, ತಿಂದು ಕೂರ್ತಾನೆ’ ಅಂತ ದಿನಾ ಬಯ್ತಾರೆ. ಅತ್ತೆ ಚೌಡಿ ಕಾಟ ಅಂತಾರೆ. ಜಾತ್ರೆಗೆ ಕರೆದರೂ ಇವರು ಬರೋದಿಲ್ಲ. ನಾನು ಯಾರ ಮಾತು ಕೇಳಲಿ? (ಹೊಸನಗರ)

ಉತ್ತರ: ಅತ್ತೆಯವರು ಚೌಡಿಗೆ ಪೂಜೆ ಮಾಡಿಸಲಿ, ಮಾತ್ರೆ ತಪ್ಪದಿದ್ದರೆ ನಮ್ಮ ತಕರಾರಿಲ್ಲ. ಮಾವನವರ ಬೈಗುಳವೇ ಹೆಚ್ಚು ಕೆಡುಕು ಮಾಡುತ್ತಿದೆ. ಲಂಡನ್ನಿನಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳು ಹೇಳಿದ್ದು ಇದು: ಟೀಕೆ, ಹಗೆ, ಅತಿಯಾದ ಮುತುವರ್ಜಿ ಇರುವ ಮನೆಯವರ ಜೊತೆ ವಾರಕ್ಕೆ 35 ತಾಸಿಗಿಂತ ಹೆಚ್ಚು ಎದುರುಬದುರು ಇರುವವರಲ್ಲಿ ಕಾಯಿಲೆ ಮರುಕಳಿಸುವುದು ಬಹಳ ಹೆಚ್ಚು. ಅದೇ ಅಳತೆಗೋಲು ಹಿಡಿದು ಚಂಡೀಗಢದಲ್ಲಿ ನೋಡಿದಾಗ ಇಂಥ ಮನೆಗಳು ಲಂಡನ್ನಿಗಿಂತ ಎಷ್ಟೋ ಕಡಿಮೆ ಇದ್ದವು. ನಮ್ಮ ಕುಟುಂಬಗಳಿಗೆ ಸಹಿಸುವ ಗುಣ ಇದೆ, ಮಾವನವರಿಗೆ ಹೇಳಿ ನೋಡಿ. ಸಿಟ್ಟು ತಡೆಯಲಾಗದಿದ್ದರೆ ಇಬ್ಬರ ಊಟದ ಹೊತ್ತು, ಕೆಲಸದ ಜಾಗ ಬೇರೆ ಮಾಡಿ. ಒಬ್ಬರು ತೋಟ, ಒಬ್ಬರು ಕೊಟ್ಟಿಗೆ. ದಿನಕ್ಕೆ ಎದುರಾಗುವ ತಾಸು ಇಳಿದರೆ ಸಾಕು.

ಇನ್ನು ಸೋಮಾರಿತನ. ಈ ಕಾಯಿಲೆಯಲ್ಲಿ ಕೈಯಲ್ಲಿರುವ ಸಿಹಿ ಸಿಹಿಯಾಗಿಯೇ ಇರುತ್ತದೆ, ನಾಳೆ ಸಿಗುವ ಸಿಹಿಯ ಆಸೆ ಮಾತ್ರ ಹುಟ್ಟುವುದಿಲ್ಲ. ಮುಂದಾಗುವ ಸಂತೋಷವನ್ನು ಮೊದಲೇ ಊಹಿಸಿ ಹೊರಡಿಸುವ ಶಕ್ತಿ ಕುಂದಿರುತ್ತದೆ. ಹಾಗಾಗಿ ‘ಜಾತ್ರೆಗೆ ಬರ್ತೀರಾ?’ ಎಂದು ಕೇಳಿದರೆ ಉತ್ತರ ‘ಬೇಡ’ವೇ. ಕೇಳುವ ಬದಲು ‘ಅಂಗಿ ಹಾಕಿಕೊಳ್ಳಿ, ಬಸ್ ಸ್ಟ್ಯಾಂಡ್ ತನಕ ಹೋಗೋಣ’ ಎನ್ನಿ. ಮೊದಲ ವಾರ ಇಪ್ಪತ್ತು ನಿಮಿಷದ ಒಂದೇ ಕೆಲಸ, ದಿನವೂ ಅದೇ ಹೊತ್ತಿಗೆ: ವೀಳ್ಯದೆಲೆ ಕೊಯ್ದು ತರುವುದೋ, ಹಾಲು ಡೇರಿಗೆ ಕೊಟ್ಟು ಬರುವುದೋ. ಹೊರಡುವ ಮುಂಚೆ ‘ಎಷ್ಟು ಇಷ್ಟ ಆಗಬಹುದು?’ ಎಂದು ಕೇಳಿ ಹತ್ತರಲ್ಲಿ ಒಂದು ಅಂಕ ಬರೆಸಿ. ಬಂದ ಮೇಲೆ ‘ಎಷ್ಟು ಆಯ್ತು?’ ಎಂದು ಇನ್ನೊಂದು. ಎರಡೋ ಮೂರೋ ಎಂದು ಬರೆದು ಹೋದವರು ಬಂದು ಐದು, ಆರು ಬರೆಯುವುದುಂಟು. ಆ ಹಾಳೆಯನ್ನು ಮುಂದಿನ ಸಲ ‘ಬೇಡ’ ಎಂದಾಗ ತೋರಿಸಿ. ವಾದಕ್ಕಿಂತ ಅವರದೇ ಕೈಬರಹ ಮೇಲು.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ವರ್ಷಗಳ ಕಾಲ ಹಳ್ಳಿಯ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಟ್ಟು ಹಿಂಬಾಲಿಸಿ ನೋಡಿದೆ. ಮಾತ್ರೆ ತೆಗೆದುಕೊಂಡವರ ದುಡಿಮೆ, ಓಡಾಟ ಸುಧಾರಿಸಿದ್ದು ಅಲ್ಲಿ ಕಂಡಿದೆ. ನಿಮಗೆ ಹತ್ತಿರದ ದಾರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗ. ಬಸ್ಸಿಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ.

ಪ್ರಶ್ನೆ: ಮಗಳಿಗೆ 22, ಬೈಪೋಲಾರ್. ವಾಲ್‌ಪ್ರೊಯೇಟ್ ಮಾತ್ರೆ ಕೊಡ್ತಿದ್ದಾರೆ. ಮದುವೆ ಮಾಡಿದರೆ ಸರಿಹೋಗುತ್ತೆ ಅಂತಾರೆ ಎಲ್ಲರೂ. (ಸೊರಬ)

ಉತ್ತರ: ಹೋಗುವುದಿಲ್ಲ. ಮದುವೆಮನೆಯ ಒಂದು ವಾರದ ನಿದ್ದೆಗೇಡೇ ಉನ್ಮಾದ ತರಿಸೀತು. ಮದುವೆ ಆಗಬಾರದೆಂದಲ್ಲ, ಆದರೆ ಹುಡುಗನ ಮನೆಯವರಿಗೆ ಹೇಳಿಯೇ ಆಗಲಿ. ಮುಚ್ಚಿಟ್ಟರೆ ಅವಳು ಮಾತ್ರೆಯನ್ನು ಕದ್ದು ನುಂಗಬೇಕು, ಕದ್ದು ನುಂಗುವ ಮಾತ್ರೆ ತಿಂಗಳೊಪ್ಪತ್ತಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ವಾಲ್‌ಪ್ರೊಯೇಟ್ ನುಂಗುವಾಗ ಗರ್ಭ ನಿಂತರೆ ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಹುಟ್ಟು ದೋಷ ಬರುತ್ತದೆ, ಬೆನ್ನುಹುರಿಯದ್ದು ಅದರಲ್ಲಿ ಮುಖ್ಯ. ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು. ಆದ್ದರಿಂದ ಲಗ್ನಪತ್ರಿಕೆಗೆ ದಿನ ನೋಡುವ ಮುಂಚೆ ಮನೋವೈದ್ಯರ ಬಳಿ ದಿನ ಕೇಳಿ. ಬೇರೆ ಮದ್ದಿಗೆ ನಿಧಾನವಾಗಿ ಬದಲಾಯಿಸಿ, ಹೊಸದು ಹಿಡಿಯಿತೆಂದು ನೋಡಲು ಕೆಲವು ತಿಂಗಳು ಬೇಕು.